ಪದಚರ್ಚೆ: ಮಗುವಿನ 'ಅಸೆಂಟ್'ಗೆ ಸಮ್ಮತಿಯೋ, ಸಹಮತಿಯೋ, ಒಪ್ಪಿಗೆಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ ಮಕ್ಕಳ ರಕ್ತಹೀನತೆಯನ್ನು ಕುರಿತ ಒಂದು ಅಧ್ಯಯನಕ್ಕಾಗಿ ಮಾಹಿತಿ ಪತ್ರವನ್ನೂ ಸಹಿ ಹಾಕಿಸಿಕೊಳ್ಳುವ ಪತ್ರಗಳನ್ನೂ ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಬೆರಳ ತುದಿಯಿಂದ ಕೆಲವು ಹನಿ ರಕ್ತ ತೆಗೆಯುವುದು, ಮನೆಯ ಊಟತಿಂಡಿಯ ಬಗ್ಗೆ ತಾಯಿಯನ್ನು ವಿಚಾರಿಸುವುದು, ಮೂರು ತಿಂಗಳಾದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡುವುದು, ಇಷ್ಟಕ್ಕೆಲ್ಲ ಮಾತು ಸಲೀಸಾಗಿ ಒದಗಿತು. ಸಿಕ್ಕಿಕೊಂಡದ್ದು ಒಂದೇ ಪದದಲ್ಲಿ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ, 18 ತುಂಬದವರನ್ನು ಸಂಶೋಧನೆಗೆ ಸೇರಿಸಿಕೊಳ್ಳಲು ಹೆತ್ತವರ 'ಕನ್ಸೆಂಟ್' (ವಿಷಯವನ್ನೆಲ್ಲ ತಿಳಿದುಕೊಂಡು 'ಸೇರಿಸಿಕೊಳ್ಳಿ' ಎನ್ನುವುದು) ಬೇಕು. 7 ವರ್ಷ ದಾಟಿದ ಮಗುವಾದರೆ ಅದರ ಜೊತೆಗೆ ಮಗುವಿನದೇ 'ಅಸೆಂಟ್' (ತಾನು ಸೇರಲು ಸಿದ್ಧ ಎಂದು ಮಗುವೇ ತಿಳಿಸುವುದು) ಕೂಡ ಬೇಕು. 12ರವರೆಗೆ ಅದು ಬಾಯಿಮಾತಿನಲ್ಲಿದ್ದರೆ ಸಾಕು, ಆಮೇಲೆ ಬರವಣಿಗೆಯಲ್ಲಿರಬೇಕು. ಮೊದಲನೆಯದಕ್ಕೆ 'ಸಮ್ಮತಿ' ರೂಢಿಯಾಗಿದೆ. ಎರಡನೆಯದಕ್ಕೆ, ನನ್ನ ಕೈಗೆ ಸಿಕ್ಕ ಹಳೆಯ ಪತ್ರಗಳ ಪೈಕಿ ಒಂದರಲ್ಲಿ 'ಸಹಮತಿ' ಎಂದಿದೆ, ಒಂದರಲ್ಲಿ 'ಅನುಮೋದನೆ' ಎಂದಿದೆ, ಉಳಿದವುಗಳಲ್ಲಿ ಎರಡಕ್ಕೂ 'ಸಮ್ಮತಿ'ಯೇ ಇದೆ.

'ಅನುಮೋದನೆ'ಯನ್ನು ಕೈಬಿಡಬಹುದು, ಅದು ಸಚಿವ ಸಂಪುಟ ಕೊಡುವಂಥದ್ದು, ಎರಡನೇ ತರಗತಿಯ ಹುಡುಗಿ ಕೊಡುವಂಥದ್ದಲ್ಲ. 'ಸಹಮತಿ' ಎಂದಾಗ ಸರಿಸಮಾನರು ಕೂತು ಚರ್ಚಿಸಿ ಒಂದು ಅಭಿಪ್ರಾಯಕ್ಕೆ ಬಂದ ಚಿತ್ರ ಕಣ್ಣಮುಂದೆ ಬರುತ್ತದೆ. ಬಿಳಿ ಕೋಟಿನ ವೈದ್ಯರಿಗೂ ಎಂಟು ವರ್ಷದ ಮಗುವಿಗೂ ನಡುವೆ ಅಂಥ ಸಮಾನತೆ ಎಲ್ಲಿಯದು?

ನನ್ನ ನಿಜವಾದ ತಕರಾರು ಇರುವುದು 'ಸಮ್ಮತಿ'ಯ ಮೇಲೆ. ಆ ಪದದ ಬೆನ್ನಿಗೇ 'ಮೌನಂ ಸಮ್ಮತಿ ಲಕ್ಷಣಂ' ಎಂಬ ಮಾತು ಅಂಟಿಕೊಂಡು ಬರುತ್ತದೆ. ಸಂಸ್ಕೃತ ಓದದವರ ಬಾಯಲ್ಲೂ ಅದು ಓಡಾಡುತ್ತದೆ. 'ಅಸೆಂಟ್'ನ ತಿರುಳು ಇದಕ್ಕೆ ನೇರ ವಿರುದ್ಧ. ಮಗು ಬೇಡ ಎನ್ನಲಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಒಪ್ಪಿತೆಂದು ತಿಳಿಯಕೂಡದು ಎಂದು ಅಮೆರಿಕದ 1983ರ ನಿಯಮ ಈ ಪದವನ್ನು ವಿವರಿಸುವಾಗಲೇ ಸ್ಪಷ್ಟಪಡಿಸಿದೆ. ಅಮ್ಮನ ಸೆರಗಿನ ಹಿಂದೆ ನಿಂತು ನೆಲ ನೋಡುವ ಮಗುವಿನ ಮೌನವನ್ನೇ ಲಕ್ಷಣವೆಂದು ಹಿಡಿದರೆ ನಮ್ಮ ಪತ್ರಕ್ಕೆ ಅರ್ಥವೇ ಉಳಿಯುವುದಿಲ್ಲ.

ಹಾಗಾದರೆ ಮಗು 'ಹೂಂ' ಎಂದರೆ ಸಾಕೇ ಎಂಬ ಪ್ರಶ್ನೆಯೂ ಇದೆ. ಗುರುವಾರದ ಲಸಿಕೆಯ ಗದ್ದಲ ಮುಗಿದ ಮೇಲೆ ಕರಡನ್ನು ಒಬ್ಬ ಹುಡುಗನಿಗೆ ಓದಿ ಹೇಳಿದೆವು. ಪ್ರತಿ ವಾಕ್ಯಕ್ಕೂ ಅವನು ತಪ್ಪದೆ ಹೂಂಗುಟ್ಟಿದ. ಬೆರಳು ಚುಚ್ಚುವ ಸೂಜಿಯನ್ನು ತೋರಿಸಿದ್ದೇ ತಡ, ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡ. ಅವನು ಹೇಳಿದ್ದು ಅಜ್ಜಿಯ ಕತೆಗೆ ಹೇಳುವ ಹೂಂ, 'ಕೇಳಿಸುತ್ತಿದೆ, ಮುಂದೆ ಹೇಳಿ' ಎಂಬ ಹೂಂ.

ಸದ್ಯಕ್ಕೆ ನನ್ನ ಒಲವು 'ಒಪ್ಪಿಗೆ'ಯ ಕಡೆಗಿದೆ. 'ಅಸಮ್ಮತಿ' ಎಂಬುದು ಯಾವ ಮಗುವಿನ ಬಾಯಿಗೂ ಬರುವ ಮಾತಲ್ಲ, ಆದರೆ 'ನಾನು ಒಪ್ಪಲ್ಲ' ಎಂಬುದು ಜಗಲಿಯ ಆಟದಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುತ್ತದೆ. ನಿರಾಕರಣೆಯೂ ಅಷ್ಟೇ ಸುಲಭವಾಗಿ ಹೊರಡುವ ಪದವೇ ಇಲ್ಲಿಗೆ ತಕ್ಕದ್ದೆಂದು ನನ್ನ ಎಣಿಕೆ. ಆದರೂ ಎರಡು ತೊಡಕುಗಳಿವೆ. ಇಂಥ ಅಧ್ಯಯನಗಳನ್ನು ಪರಿಶೀಲಿಸುವ ನೈತಿಕ ಸಮಿತಿಗಾಗಿ ಕನ್ನಡದ ಪಠ್ಯವನ್ನು ಮರಳಿ ಇಂಗ್ಲಿಷಿಗೆ ತಂದವರು 'ಒಪ್ಪಿಗೆ'ಯನ್ನೂ 'ಸಮ್ಮತಿ'ಯನ್ನೂ 'ಕನ್ಸೆಂಟ್' ಎಂದೇ ಬರೆದರು. ಎರಡು ಪತ್ರಗಳಿಗೂ ಒಂದೇ ಹೆಸರೇಕೆ ಎಂಬ ಆಕ್ಷೇಪದೊಂದಿಗೆ ಕಡತ ಹಿಂದಕ್ಕೆ ಬಂತು. ಇನ್ನೊಂದು ತೊಡಕು ಒಳಗಿನದು: 'ಒಪ್ಪು'ವಿನ ಮಗ್ಗುಲಲ್ಲೇ 'ಒಪ್ಪಿಸು' ಇದೆ. ಮಗು ಪಾಠ ಒಪ್ಪಿಸುತ್ತದೆ, ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತಾರೆ, ಮತ್ತು ಆಶಾ ಕಾರ್ಯಕರ್ತೆಯೊಬ್ಬರು ಪ್ರಾಮಾಣಿಕ ಹೆಮ್ಮೆಯಿಂದಲೇ 'ಮಗೂನ ಒಪ್ಸಿದೀನಿ ಸಾರ್' ಎಂದರು. ನಡೆಯಬಾರದ್ದು ಅದೇ.

ಹೆತ್ತವರದ್ದು 'ಅನುಮತಿ', ಮಗುವಿನದು 'ಒಪ್ಪಿಗೆ', ವಯಸ್ಕರು ತಮ್ಮ ಪರವಾಗಿ ಕೊಡುವುದು 'ಸಮ್ಮತಿ' ಎಂದು ಹಂಚಿದರೆ ಕನ್ನಡದ ಕಿವಿಗೆ ಹಿತವಾಗಿ ಕೇಳಿಸುತ್ತದೆಯೇ? ಉತ್ತರ ಕರ್ನಾಟಕದಲ್ಲಿ ಅಥವಾ ಕರಾವಳಿಯಲ್ಲಿ ಮಕ್ಕಳು ತಾವಾಗಿ 'ಆಗಲಿ, ಮಾಡುತ್ತೇನೆ' ಎನ್ನುವುದಕ್ಕೆ ಬೇರೆಯೇ ಮಾತಿದ್ದರೆ, ಬಲ್ಲವರು ಬಳಕೆಯ ಒಂದು ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.