ತಿರುವು, ಸುತ್ತು ಮತ್ತು ಎರಡು 'ಕ್ಯೂ'ಗಳು: ಒಂದು ಪದಚರ್ಚೆ

ಬಳಗದವರಿಗೆ ಕಲಬುರಗಿಯಿಂದ ಶರಣು.

ನಮ್ಮ ಊರಲ್ಲಿ 'ಡಿಜೆ' ಎಂದರೆ ಮನುಷ್ಯ ಅಲ್ಲ. 'ಡಿಜೆ ಬಂತು', 'ಡಿಜೆ ಹಚ್ಯಾರ', 'ಎರಡು ಡಿಜೆ ತರಸ್ಯಾರ', ಎಲ್ಲ ಕಡೆಯೂ ಅದು ನಪುಂಸಕಲಿಂಗ. ಗಣಪತಿ ಕಳಿಸುವ ದಿನ ಗಾಡಿಯ ಮೇಲೆ ಆಳೆತ್ತರ ಪೇರಿಸಿದ ಸ್ಪೀಕರುಗಳ ರಾಶಿಗೇ ಆ ಹೆಸರು. ಡಿಸ್ಕ್ ಜಾಕಿ ಎಂಬ ಆಳು ಆ ರಾಶಿಯ ಹಿಂದೆಲ್ಲೋ ಲ್ಯಾಪ್‌ಟಾಪ್ ಹಿಡಿದು ಕೂತಿರುತ್ತಾನೆ, ಅವನು ಬರೀ 'ಡಿಜೆದಾಂವ'. ಹೀಗಾಗಿ ನನ್ನ ತಂಗಿಯ ಮಗ "ಡಿಜೆ ಕಂಟ್ರೋಲರ್ ಮಾಡ್ಲತ್ತೀನಿ" ಎಂದಾಗ ನಮ್ಮವ್ವ ಕೇಳಿದ ಮೊದಲ ಮಾತು: "ಮನ್ಯಾಗ ಅಷ್ಟು ಜಾಗಾ ಎಲ್ಲಿ ಅದ?"

ಅವನು ಮಾಡಿದ್ದು ಒಂದೂವರೆ ಗೇಣು ಉದ್ದದ, ಕಾಲೇಜಿನ ಚೀಲದಲ್ಲಿ ಹಿಡಿಸುವ ಪ್ಲೈವುಡ್ ಪೆಟ್ಟಿಗೆ. ಅದರಿಂದ ಸದ್ದೇ ಹೊರಡದು. ಒಳಗೆ ಪ್ರೊ ಮೈಕ್ರೊ ಎಂಬ ಪುಟ್ಟ ಸರ್ಕೀಟು ಬೋರ್ಡು, ಅದಕ್ಕೆ ತಂತಿ ಕಟ್ಟಿದ ಗುಂಡಿಗಳು, ಎರಡು ಚಕ್ರ, ಮೂರು ಜಾರುಪಟ್ಟಿ. ಕೈ ಆಡಿದಂತೆ ಅಂಕಿಗಳನ್ನು ಯುಎಸ್‌ಬಿ ದಾರಿಯಲ್ಲಿ ಲ್ಯಾಪ್‌ಟಾಪಿಗೆ ಕಳಿಸುವುದಷ್ಟೇ ಅದರ ಕೆಲಸ. ಆ ಅಂಕಿಗಳ ಭಾಷೆ ಮಿಡಿ, 1983ರಿಂದ ಚಾಲ್ತಿಯಲ್ಲಿದೆ. ಹಾಡು ನುಡಿಸುವುದು ಮಿಕ್ಸ್ ಎಂಬ ಉಚಿತ ತಂತ್ರಾಂಶ (ಇಂಗ್ಲಿಷಿನಲ್ಲಿ ಬರೆದರೆ ಮೂರು ಎಕ್ಸ್). ಈ ಪೆಟ್ಟಿಗೆಯನ್ನು 'ನಿಯಂತ್ರಕ' ಎಂದು ಕರೆಯಲು ನನಗೆ ಮನಸ್ಸಿಲ್ಲ. ಆ ಪದ ಕೇಳಿದರೆ ಬಸ್‌ಸ್ಟ್ಯಾಂಡಿನ ಕಿಟಕಿಯ ಹಿಂದೆ ಕೂತು ಬಸ್ಸು ಬಿಡುವ ಸಂಚಾರ ನಿಯಂತ್ರಕರೇ ಕಣ್ಣ ಮುಂದೆ ಬರುತ್ತಾರೆ. ಕಂಟ್ರೋಲರ್ ಕಂಟ್ರೋಲರೇ ಆಗಿರಲಿ. ನಾಮಪದ ಎರವಲಾದರೆ ಅಡ್ಡಿಯಿಲ್ಲ. ನನ್ನ ತಕರಾರು ಕ್ರಿಯಾಪದದ್ದು.

ಗೆಳೆಯರಿಗೂ ತಿಳಿಯಲಿ ಎಂದು ಬಳಕೆಯ ಕ್ರಮವನ್ನು ಕನ್ನಡದಲ್ಲಿ ಎರಡು ಹಾಳೆ ಬರೆದುಕೊಡಲು ಅವನು ನನ್ನನ್ನು ಕೇಳಿದ. ನಾನು ಎಲ್ಲ ಗುಂಡಿಗಳಿಗೂ 'ತಿರುಗಿಸಿ' ಎಂದು ಬರೆದೆ. ಮೊದಲ ದಿನವೇ ಅವನ ಗೆಳೆಯನೊಬ್ಬ ಆವಾಜಿನ ಗುಂಡಿಯನ್ನು ಕೊನೆ ಮುಟ್ಟಿದ ಮೇಲೂ ಜೋರು ಮಾಡಿ ಅದರ ತಡೆ ಮುರಿದ. "ತಿರುಗಿಸಿ ಅಂತ ಬರದೀರಿ, ಇನ್ನೂ ತಿರಗತದ ಅನ್ಕೊಂಡೆ" ಎಂದ. ತಪ್ಪು ನನ್ನ ಪದದ್ದೇ.

ಯಾಕೆಂದರೆ ಗುಂಡಿಗಳಲ್ಲಿ ಎರಡು ಜಾತಿ. ಪೊಟೆನ್ಷಿಯೊಮೀಟರ್ ಎಂಬುದು ಮುಕ್ಕಾಲು ಸುತ್ತಿನ ಮೇಲೆ ತುಸು ಹೋಗಿ ನಿಲ್ಲುತ್ತದೆ. ಅದು 'ನಾನು ಎಲ್ಲಿದ್ದೇನೆ' ಎಂಬುದನ್ನು ಹೇಳುತ್ತದೆ. ಬೋರ್ಡು ಆ ಜಾಗವನ್ನು 0ಯಿಂದ 1023ರ ವರೆಗೆ ಓದಿ, ಎಂಟರಿಂದ ಭಾಗಿಸಿ, ಮಿಡಿಗೆ ಬೇಕಾದ 0ಯಿಂದ 127ಕ್ಕೆ ಇಳಿಸುತ್ತದೆ. ಎನ್‌ಕೋಡರ್‌ಗೆ ಆದಿ ಅಂತ್ಯ ಇಲ್ಲ, ಎಷ್ಟು ಸುತ್ತಿದರೂ ಸುತ್ತುತ್ತದೆ. ಅದಕ್ಕೆ ತಾನೆಲ್ಲಿದ್ದೇನೆ ಎಂಬುದೇ ಗೊತ್ತಿಲ್ಲ. 'ಒಂದು ಹೆಜ್ಜೆ ಮುಂದೆ', 'ಒಂದು ಹೆಜ್ಜೆ ಹಿಂದೆ' ಎಂದಷ್ಟೇ ಹೇಳುತ್ತದೆ. ಬೆರಳಿಗೆ ಕಟ್ ಕಟ್ ಎಂದು ಸಿಗುವ ಆ ಹೆಜ್ಜೆಗೆ 'ಕಚ್ಚು' ಎಂಬ ಒಳ್ಳೆಯ ಪದ ನಮ್ಮಲ್ಲೇ ಇದೆ, ಅದನ್ನು ಇಟ್ಟುಕೊಂಡಿದ್ದೇನೆ.

ಈಗ ಪ್ರಶ್ನೆ. ಕೊನೆ ಇರುವುದಕ್ಕೆ 'ತಿರುವು', ಕೊನೆ ಇಲ್ಲದ್ದಕ್ಕೆ 'ಸುತ್ತಿಸು' ಎಂದರೆ ನಿಮ್ಮ ಕಿವಿಗೆ ಒಪ್ಪುತ್ತದೆಯೇ? ಹಾಳೆ ತಿರುವು, ಮೀಸೆ ತಿರುವು, ಕಿವಿ ತಿರುವು: ಇಲ್ಲೆಲ್ಲ ಒಂದು ಮಿತಿ ಇದೆ. ಯಾರ ಕಿವಿಯೂ ಪೂರ್ತಿ ಒಂದು ಸುತ್ತು ಬರುವುದಿಲ್ಲ. ಹಳೆಯ ರೇಡಿಯೋದ ಗುಂಡಿಗೆ ನಮ್ಮ ಮನೆಯಲ್ಲಿ 'ಕಿವಿ' ಎಂದೇ ಹೆಸರಿತ್ತು. "ಅದರ ಕಿವಿ ಹಿಂಡು, ಬಾತಮಿ ಬರ್ಲತ್ತದ" ಎನ್ನುತ್ತಿದ್ದರು ಅಪ್ಪ. ಆದರೆ ನನ್ನ ವಾದಕ್ಕೆ ಅವ್ವನೇ ಕಲ್ಲು ಹಾಕಿದಳು, ಅದೂ ಬೀಸೋಕಲ್ಲು. "ಬೀಸೋಕಲ್ಲೂ ತಿರುವತಾರ, ರಾಟೀನೂ ತಿರುವತಾರ. ಸುತ್ತೋದು ಅಂದ್ರ ರುಮಾಲು." ಅವಳ ಕನ್ನಡದಲ್ಲಿ ಭೇದ ಕ್ರಿಯಾಪದದಲ್ಲಿ ಇಲ್ಲ, ಅದರ ಮುಂದಿನ ಸದ್ದಿನಲ್ಲಿ ಇದೆ: ಒಂದನ್ನು 'ತುಸು ತಿರುವು', ಇನ್ನೊಂದನ್ನು 'ಗರಗರ ತಿರುವು'. ಇದು ನನಗೆ ಹೊಳೆದೇ ಇರಲಿಲ್ಲ. ಆದರೂ ಸೂಚನೆಯ ಹಾಳೆಯಲ್ಲಿ 'ಗರಗರ' ಎಂದು ಬರೆಯಲು ಧೈರ್ಯ ಸಾಲುತ್ತಿಲ್ಲ. ಯಾದಗಿರಿ, ಬೀದರ್ ಕಡೆಯವರು ಏನೆನ್ನುತ್ತೀರಿ?

ದೊಡ್ಡ ಚಕ್ರಕ್ಕೆ ಇಂಗ್ಲಿಷಿನವರು ಜಾಗ್ ವೀಲ್ ಎನ್ನುತ್ತಾರೆ. ಅಂಚನ್ನು ತುಸು ನೂಕಿದರೆ ಹಾಡು ಕ್ಷಣಹೊತ್ತು ಮುಂದೋಡುತ್ತದೆ, ಹಿಂದಕ್ಕೆ ಜಗ್ಗಿದರೆ ತಡೆಯುತ್ತದೆ. ಎರಡು ಹಾಡಿನ ಪೆಟ್ಟು ಕೂಡಿಸುವುದು ಹೀಗೆಯೇ. ಕುಂಬಾರರ 'ತಿಗರಿ' ನೋಡಿದವರಿಗೆ ಬೇರೆ ಪದ ಬೇಕಿಲ್ಲ ಎನಿಸುತ್ತದೆ. ಹುಡುಗ ತಿಗರಿಯನ್ನೇ ಕಂಡಿಲ್ಲ, ಆದರೆ ಪದ ಅವನಿಗೆ ಹಿಡಿಸಿದೆ.

ಹಾಡಿನ ವೇಗ ಬದಲಿಸುವ ಪಿಚ್ ಪಟ್ಟಿಯ ಕತೆ ಬೇರೆ. 1979ರ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಎಂಬ, ರೆಕಾರ್ಡು ನುಡಿಸುವ ತಿರುಗುತಟ್ಟೆಯಲ್ಲಿ ಈ ಪಟ್ಟಿ ವೇಗವನ್ನು ಶೇ. 8ರಷ್ಟು ಏರಿಸುತ್ತಿತ್ತು, ಇಳಿಸುತ್ತಿತ್ತು. ನಿಮಿಷಕ್ಕೆ 120 ಪೆಟ್ಟಿನ ಹಾಡು 129.6ರ ವರೆಗೆ ಹೋಗಬಹುದು. ತಟ್ಟೆ ಜೋರಾಗಿ ತಿರುಗಿದರೆ ಶ್ರುತಿಯೂ ಏರುತ್ತಿದ್ದುದರಿಂದ ಪಿಚ್ ಎಂಬ ಹೆಸರು ಆಗ ಸುಳ್ಳಾಗಿರಲಿಲ್ಲ. ಈಗ ತಂತ್ರಾಂಶ ಶ್ರುತಿಯನ್ನು ಕಟ್ಟಿಹಾಕಿ ವೇಗವೊಂದನ್ನೇ ಬದಲಿಸಬಲ್ಲದು, ಹೆಸರು ಮಾತ್ರ ಹಾಗೆಯೇ ಉಳಿದಿದೆ. ನಾವು ನೇರವಾಗಿ 'ಲಯ' ಎಂದು ಬರೆದರೆ ಅವರಿಗಿಂತ ನಮ್ಮದೇ ಸರಿ. ಇಲ್ಲಿ ನನಗೆ ಅನುಮಾನವಿಲ್ಲ. 'ಶ್ರುತಿ' ಎಂದು ಅನುವಾದಿಸುವವರೊಡನೆ ಜಗಳಕ್ಕೂ ಸಿದ್ಧ.

ಫೇಡರ್ ಎಂಬ ಪಟ್ಟಿಗೆ 'ಕರಗಿಸು' ಸಾಕು, ಒಂದು ಹಾಡು ಕರಗಿ ಇನ್ನೊಂದು ಮೂಡುತ್ತದೆ. ಹೆಚ್ಚು ಬೆಳೆಸುವುದಿಲ್ಲ.

ನಿಜವಾದ ಗಂಟು 'ಕ್ಯೂ'. ಇಂಗ್ಲಿಷಿನಲ್ಲಿ ಕಾಗುಣಿತ ಬೇರೆಯಿರುವ ಎರಡು ಪದಗಳು ನಮ್ಮ ಲಿಪಿಯಲ್ಲಿ ಒಂದೇ ಆಗುತ್ತವೆ: ಪಾಳಿ ಹಚ್ಚುವ ಕ್ಯೂ, ಸನ್ನೆಯ ಕ್ಯೂ. ತಂತ್ರಾಂಶದಲ್ಲಿ ಹಾಡುಗಳ ಕ್ಯೂ ಇದೆ, ಅಂದರೆ ಪಾಳಿ. ಕಂಟ್ರೋಲರಿನ ಮೇಲೆ ಕ್ಯೂ ಗುಂಡಿ ಇದೆ, ಅದು ಪಾಳಿ ಅಲ್ಲ. ಸಾಲದ್ದಕ್ಕೆ ಆ ಗುಂಡಿಗೂ ಎರಡು ಅರ್ಥ. ಒಂದು, ಹಾಡು ಎಲ್ಲಿಂದ ಶುರುವಾಗಬೇಕೋ ಆ ಜಾಗದ ಗುರುತು. ಇನ್ನೊಂದು, ಮಂದಿಗೆ ಕೇಳಿಸುವ ಮೊದಲು ಹೆಡ್‌ಫೋನಿನಲ್ಲಿ ತಾನೊಬ್ಬನೇ ಕೇಳಿ ನೋಡುವುದು. 'ಕ್ಯೂಗೆ ಹಾಕಿ ಕ್ಯೂ ಒತ್ತಿ ಕ್ಯೂ ಕೇಳಿ' ಎಂದು ನಾನೇ ಬರೆದ ಸಾಲನ್ನು ಮರುದಿನ ಓದಿದರೆ ನನಗೇ ತಿಳಿಯಲಿಲ್ಲ.

ಪಾಳಿಗೆ 'ಪಾಳಿ' ಇರಲಿ. ಕೇಳಿ ನೋಡುವುದಕ್ಕೆ 'ಒಳಗಿವಿ' ಎಂದು ಇಟ್ಟಿದ್ದೇನೆ, ತುಸು ಕೃತಕವಾಗಿದೆ, ಬದಲಿಸಲು ಅಡ್ಡಿಯಿಲ್ಲ. ಶುರುವಿನ ಗುರುತಿಗೆ ನನ್ನ ಆಯ್ಕೆ 'ಎತ್ತುಗಡೆ'. ತಾಳದಲ್ಲಿ ಹಾಡು ಹಿಡಿಯುವ ಜಾಗಕ್ಕೆ ಸಂಗೀತಗಾರರಲ್ಲಿ ಈ ಪದ ಮೊದಲಿಂದಲೂ ಇದೆ, ಭಜನೆಯಲ್ಲೂ ನಾವು ಪದ 'ಎತ್ತು' ಎನ್ನುತ್ತೇವೆ. ಡಿಜೆಯೂ ಮಾಡುವುದು ಅದನ್ನೇ, ತಪ್ಪಿದ ಪೆಟ್ಟಿಗೆ ಎತ್ತಿದರೆ ಕುಣಿಯುವವರ ಕಾಲು ತೊಡರುತ್ತದೆ. ಆದರೆ ಗುಂಡಿಯ ಪಕ್ಕದಲ್ಲಿ ಜಾಗ ಕಮ್ಮಿ. 'ಎತ್ತು' ಎಂದು ಮೊಟಕು ಮಾಡಿ ತೋರಿಸಿದೆ. ಅವ್ವ ಕನ್ನಡಕ ಏರಿಸಿ ಓದಿ, "ಹಂಗಾರ ಆಕಳದ್ದು ಯಾವ ಗುಂಡಿ?" ಎಂದಳು.

ಇನ್ನೊಂದು ತೊಡಕು ಲಿಪಿಯದು. ಮೇಲಿನ ಅಕ್ರಿಲಿಕ್ ಹಲಗೆಗೆ ಅಕ್ಷರ ಲೇಸರಿನಲ್ಲಿ ಕೊರೆಸಬೇಕು. ಮೂರು ಮಿಲಿಮೀಟರ್ ಎತ್ತರದಲ್ಲಿ ಕೊರೆಸಿದ ಮಾದರಿಯಲ್ಲಿ 'ಲಯ', 'ಪಾಳಿ' ಚೆನ್ನಾಗಿ ಬಂದಿವೆ, 'ತ್ತು' ಮಾತ್ರ ಒತ್ತು ಮುಚ್ಚಿಕೊಂಡು ಮಸಿ ಚುಕ್ಕೆಯಂತೆ ಕಾಣುತ್ತದೆ. ಹಲಗೆಯನ್ನು ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗೆ ಬರುವ ಸೋಮವಾರ ಒಯ್ಯಬೇಕು. ಶುರುವಿನ ಗುರುತಿಗೆ ಒತ್ತಕ್ಷರ ಇಲ್ಲದ, ನಾಲ್ಕಕ್ಷರ ಮೀರದ ಪದ ಯಾರ ಊರಲ್ಲಾದರೂ ಇದ್ದರೆ ಭಾನುವಾರದೊಳಗೆ ಕಳಿಸಿ. 'ತಿರುವು' ಮತ್ತು 'ಸುತ್ತಿಸು' ಬಗ್ಗೆ ನಿಧಾನ ಬರೆದರೂ ನಡೆದೀತು, ಅದು ಹಾಳೆಯಲ್ಲಿ ಬರುವ ಮಾತು.