ಪ್ರಿಂಟರ್ ಇಂಕ್ ಖರ್ಚು ಕೈಮೀರುತ್ತಿದೆ, ನೀವೆಲ್ಲ ಏನು ಮಾಡಿದಿರಿ?

ಕೇಳಿದವರು, ಕುವೆಂಪುನಗರ:
ಮನೆಯಲ್ಲಿ ಕಾರ್ಟ್ರಿಜ್ ಹಾಕುವ ಸಣ್ಣ ಇಂಕ್‌ಜೆಟ್ ಇದೆ. ಮಗಳು ಎಸ್‌ಎಸ್‌ಎಲ್‌ಸಿ, ಮಗ ಆರನೇ ಕ್ಲಾಸ್. ಪರೀಕ್ಷೆ ಹತ್ತಿರ ಬಂದರೆ ದಿನಾ ಪ್ರಿಂಟ್, ರಜೆ ಬಂದರೆ ಯಾರೂ ಮುಟ್ಟುವುದಿಲ್ಲ. ಕಪ್ಪು, ಕಲರ್ ಎರಡೂ ಕಾರ್ಟ್ರಿಜ್ ಕೊಂಡರೆ ಎರಡು ಸಾವಿರದ ಹತ್ತಿರ ಆಗುತ್ತದೆ. ರೀಫಿಲ್ ಮಾಡಿಸಲಾ, ಬಾಟಲಿಯಿಂದ ಇಂಕ್ ಸುರಿಯುವ ಟ್ಯಾಂಕ್ ಪ್ರಿಂಟರ್ ತಗೊಳ್ಳಲಾ? ಅನುಭವ ಇರುವವರು ಹೇಳಿ.

ಸರಸ್ವತಿಪುರಂ, ಟ್ಯೂಷನ್ ಹೇಳುವವರು:
ಟ್ಯಾಂಕ್ ತಗೊಳ್ಳಿ ಮೇಡಂ, ಬೇರೆ ಯೋಚನೆಯೇ ಬೇಡ. ನನ್ನದು ಎಪ್ಸನ್ ಎಲ್3110. ಕಪ್ಪು ಬಾಟಲಿ 65 ಎಂಎಲ್, ಕಂಪನಿ ಹೇಳುವುದು 4500 ಪುಟ. ಅದು ಅವರ ಟೆಸ್ಟ್ ಪುಟದ ಲೆಕ್ಕ, ನನ್ನ ಗಣಿತದ ವರ್ಕ್‌ಶೀಟ್‌ಗೆ ಅಷ್ಟು ಬರುವುದಿಲ್ಲ. ಮೊದಲ ಸಲ ತುಂಬಿದ ಇಂಕ್ ಬೇಗ ಇಳಿಯುತ್ತದೆ, ಗಾಬರಿ ಬೇಡ, ಪೈಪ್ ತುಂಬುವುದಕ್ಕೇ ಒಂದಿಷ್ಟು ಹೋಗುತ್ತದೆ. ಆಮೇಲೆ ನೋಡಿ, ಪುಟಕ್ಕೆ ಪೈಸೆ ಲೆಕ್ಕ. ಪೇಪರ್‌ಗೇ ಜಾಸ್ತಿ ಖರ್ಚು ನನಗೆ. ಮಕ್ಕಳಿಗೆ ಮಾಡೆಲ್ ಪೇಪರ್ ಕೊಡುವಾಗ ಮೊದಲು ಕೈ ಬಿಗಿ ಹಿಡಿಯುತ್ತಿದ್ದೆ, ಈಗ ಎಲ್ಲರಿಗೂ ಒಂದೊಂದು ಸೆಟ್ ಕೊಡುತ್ತೇನೆ.

ಮಂಡ್ಯ, ಅಶೋಕನಗರ:
ದಿನಾ ಪ್ರಿಂಟ್ ಹಾಕುವವರ ಮಾತು ಬೇರೆ ರೀ. ನನ್ನದೂ ಟ್ಯಾಂಕೇ, ಕಂಪನಿ ಹೆಸರು ಬೇಡ. ಬೇಸಿಗೆ ರಜೆಗೆ ಎಲ್ಲರೂ ಊರಿಗೆ ಹೋದೆವು. ಸ್ಕೂಲ್ ಶುರುವಾದಾಗ ನೋಡಿದರೆ ಹಳದಿ ಬರುವುದೇ ಇಲ್ಲ, ಕಪ್ಪಿನಲ್ಲಿ ಬಿಳಿ ಗೆರೆ. ಇಂಕ್ ಚಿಮ್ಮಿಸುವ ಹೆಡ್‌ಗೆ ಕ್ಲೀನಿಂಗ್ ಕೊಟ್ಟೆ. ಮತ್ತೆ ಕೊಟ್ಟೆ. ಪ್ರತಿ ಸಲವೂ ನಾಲ್ಕೂ ಟ್ಯಾಂಕಿನಿಂದ ಇಂಕ್ ಎಳೆದು ಒಳಗಿನ ಸ್ಪಂಜಿಗೆ ಸುರಿಯುತ್ತದೆ. ಒಂದು ಪುಟ ಪ್ರಿಂಟ್ ಆಗದೆ ಕಾಲು ಟ್ಯಾಂಕ್ ಇಂಕ್ ಹೋಯಿತು! ಕೊನೆಗೆ ಆ ಸ್ಪಂಜು ತುಂಬಿದೆ ಎಂದು ಕೆಂಪು ದೀಪ ಹತ್ತಿ ಮೆಷಿನ್ ನಿಂತೇ ಹೋಯಿತು. ಸರ್ವಿಸ್‌ನವರು ಸ್ಪಂಜಿಗೆ ಒಂದು ರೇಟ್, ಹೆಡ್‌ಗೆ ಇನ್ನೊಂದು ರೇಟ್ ಹೇಳಿದರು. ಎರಡೂ ಸೇರಿದರೆ ಹೊಸ ಪ್ರಿಂಟರ್ ಬೆಲೆಯ ಅರ್ಧ ದಾಟುತ್ತದೆ. ಇದನ್ನು ಉಳಿತಾಯ ಎನ್ನುತ್ತಾರಾ?

ಸರಸ್ವತಿಪುರಂ:
ವಾರಕ್ಕೊಂದು ಕಲರ್ ಪುಟ ಹಾಕಿದ್ದರೆ ಹೀಗೆ ಆಗುತ್ತಿರಲಿಲ್ಲ. ಮತ್ತೆ ಗೋಡೆಯ ಸ್ವಿಚ್ ಆರಿಸಬಾರದು. ಪ್ರಿಂಟರ್‌ದೇ ಬಟನ್ ಒತ್ತಿ ಆಫ್ ಮಾಡಬೇಕು, ಆಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ. ಇಲ್ಲವಾದರೆ ಗಾಳಿಗೆ ಒಣಗುತ್ತದೆ.

ಮಂಡ್ಯ, ಅಶೋಕನಗರ:
ಪ್ರಿಂಟ್ ಮಧ್ಯದಲ್ಲೇ ಕರೆಂಟ್ ಹೋದರೆ ಬಟನ್ ಒತ್ತಲು ಎಲ್ಲಿ ಸಮಯ? ಪ್ರಿಂಟರ್‌ಗೋಸ್ಕರ ಯಾರಾದರೂ ಮನೆಯಲ್ಲಿ ಕಾವಲು ಕೂರಬೇಕಾ? ದುಡ್ಡು ಕಳೆದುಕೊಂಡವನಿಗೆ ಪಾಠ ಹೇಳಬೇಡಿ.

ವಿಜಯನಗರ ಎರಡನೇ ಹಂತ, ನಿವೃತ್ತ:
ಇಬ್ಬರೂ ಸುಮ್ನೆ ಜಗಳ ಆಡುತ್ತಿದ್ದೀರಿ. ಇರುವ ಕಾರ್ಟ್ರಿಜ್‌ಗೇ ಸಿರಿಂಜಿನಲ್ಲಿ ಇಂಕ್ ತುಂಬಿ. ವರ್ಷಗಳಿಂದ ನಾನು ಮಾಡುತ್ತಿರುವುದು ಇದನ್ನೇ. 100 ಎಂಎಲ್ ಬಾಟಲಿ ಒಂದು ಕಾರ್ಟ್ರಿಜ್ ಬೆಲೆಯ ಕಾಲು ಭಾಗವೂ ಇಲ್ಲ. ಮೇಲಿನ ಸ್ಟಿಕರ್ ನಿಧಾನ ಎತ್ತಿ, ತೂತಿನಲ್ಲಿ ಸೂಜಿ ಇಳಿಸಿ, ಹನಿಹನಿಯಾಗಿ ಬಿಡಬೇಕು. ಅವಸರ ಮಾಡಿದರೆ ಒಳಗಿನ ಸ್ಪಂಜಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಕಲರ್ ಕಾರ್ಟ್ರಿಜ್‌ನಲ್ಲಿ ಮೂರು ಕೋಣೆ, ಯಾವುದರಲ್ಲಿ ಯಾವ ಬಣ್ಣ ಎಂದು ಹಲ್ಲುಕಡ್ಡಿ ಅದ್ದಿ ನೋಡಿಯೇ ತುಂಬಿ. ಆಮೇಲೆ ಒದ್ದೆ ಟಿಶ್ಯೂ ಮೇಲೆ ಕೆಳಭಾಗ ಒತ್ತಿದರೆ ಬಣ್ಣ ಇಳಿಯುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಮುಖ್ಯವಾದದ್ದು, ಪೂರ್ತಿ ಖಾಲಿಯಾಗುವ ತನಕ ಕಾಯಬೇಡಿ. ಈ ಕಾರ್ಟ್ರಿಜ್‌ಗಳಲ್ಲಿ ಇಂಕ್ ಕಾಯಿಸಿ, ಗುಳ್ಳೆ ಎಬ್ಬಿಸಿ ಚಿಮ್ಮಿಸುತ್ತದೆ. ಇಂಕ್ ಇಲ್ಲದೆ ಕಾದರೆ ಹೆಡ್ ಸುಟ್ಟುಹೋಗುತ್ತದೆ. ತುಂಬಿದ ಮೇಲೂ 'ಇಂಕ್ ಇಲ್ಲ' ಎಂದೇ ತೋರಿಸುತ್ತದೆ. ನನ್ನ ಕ್ಯಾನನ್‌ನಲ್ಲಿ ಸ್ಟಾಪ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದರೆ ಆ ಎಚ್ಚರಿಕೆ ಹೋಗಿ ಪ್ರಿಂಟ್ ಶುರುವಾಗುತ್ತದೆ.

ಮಂಡ್ಯ, ಕಂಪ್ಯೂಟರ್ ಅಂಗಡಿಯವರು:
ಸರ್, ನಿಮ್ಮ ವಯಸ್ಸಿಗೆ ಗೌರವ ಇದೆ. ಆದರೆ ಹೀಗೆ ಎಲ್ಲರಿಗೂ ಹೇಳಬೇಡಿ. ಸಿಕ್ಕಿದ ಇಂಕ್ ತುಂಬಿಸಿಕೊಂಡು ಬಂದ ಮೆಷಿನ್ ಬಿಚ್ಚುವವರು ನಾವು. ಬಣ್ಣ ಕರಗಿರುವ ಡೈ ಇಂಕ್‌ಗೆಂದು ಮಾಡಿದ ಟ್ಯಾಂಕಿಗೆ ಪಿಗ್ಮೆಂಟ್ ಕಪ್ಪು ಸುರಿದು ತರುತ್ತಾರೆ. ಪಿಗ್ಮೆಂಟ್‌ನಲ್ಲಿ ಬಣ್ಣ ಸಣ್ಣ ಕಣಗಳಾಗಿ ಇರುತ್ತದೆ, ಕರಗಿರುವುದಿಲ್ಲ. ಹೆಡ್ ಕಟ್ಟಿಕೊಳ್ಳುತ್ತದೆ. ಆಮೇಲೆ ಬೈಗುಳ ಯಾರಿಗೆ? ನಮಗೆ.

ವಿಜಯನಗರ ಎರಡನೇ ಹಂತ:
ನೀವು ಒರಿಜಿನಲ್ ಮಾರಿದರೆ ತಾನೇ ನಿಮಗೆ ಲಾಭ? ಡೈಗೆ ಡೈ, ಪಿಗ್ಮೆಂಟ್‌ಗೆ ಪಿಗ್ಮೆಂಟ್ ಎಂದು ಬಾಟಲಿ ಕೊಡುವಾಗಲೇ ಗಿರಾಕಿಗೆ ಹೇಳಿ. ನಮ್ಮ ರಸ್ತೆಯ ಅಂಗಡಿಯಲ್ಲಿ ಒಬ್ಬನೂ ಹೇಳಲಿಲ್ಲ, ಲೇಬಲ್ ಓದಿ ನಾನೇ ತಿಳಿದುಕೊಂಡೆ.

ಮಂಡ್ಯ, ಕಂಪ್ಯೂಟರ್ ಅಂಗಡಿಯವರು:
ಒಂದು ಬಾಟಲಿ ಮಾರಿದರೆ ನಮಗೆ ಉಳಿಯುವುದು ಎಷ್ಟು ಎಂದು ನಿಮಗೆ ಗೊತ್ತಾ? ಬಾಡಿಗೆ, ಕರೆಂಟ್ ಬಿಲ್, ಹುಡುಗನ ಸಂಬಳ ಎಲ್ಲ ಅದರಲ್ಲೇ ಬರಬೇಕು. ಆನ್‌ಲೈನ್‌ನಲ್ಲಿ ಕೊಂಡು, ಕೆಟ್ಟಾಗ ಮಾತ್ರ ನಮ್ಮ ಹತ್ತಿರ ಬರುತ್ತೀರಿ.

ಹೆಬ್ಬಾಳ, ಮೈಸೂರು:
ಇಂಕ್ ಇದ್ದರೆ ತಾನೇ ಒಣಗುವುದು? ನಾನು ಕಪ್ಪು-ಬಿಳುಪು ಲೇಸರ್ ತಗೊಂಡೆ, ಅದೂ ಸೆಕೆಂಡ್ ಹ್ಯಾಂಡ್. ಟೋನರ್ ಎಂದರೆ ಪುಡಿ, ತಿಂಗಳುಗಟ್ಟಲೆ ಮುಟ್ಟದಿದ್ದರೂ ಮೊದಲ ಪುಟವೇ ಸರಿಯಾಗಿ ಬರುತ್ತದೆ. ಪುಡಿ ತುಂಬಿಸಲು ಮುನ್ನೂರು ರೂಪಾಯಿ ಕೊಡುತ್ತೇನೆ, ಸಾವಿರ ಪುಟಕ್ಕೆ ಮೋಸವಿಲ್ಲ. ಪುಡಿಯನ್ನು ಕಾಗದಕ್ಕೆ ದಾಟಿಸುವ ಡ್ರಮ್ ಸವೆದಾಗ ಮಾತ್ರ ಪುಟದಲ್ಲಿ ಕಪ್ಪು ಗೆರೆ ಬಂತು, ಅದಕ್ಕೆ ಬೇರೆ ಖರ್ಚಾಯಿತು. ಒಂದೇ ಎಚ್ಚರಿಕೆ: ಮನೆಯ ಸಣ್ಣ ಯುಪಿಎಸ್‌ಗೆ ಹಾಕಬೇಡಿ. ಪುಡಿಯನ್ನು ಕಾಗದಕ್ಕೆ ಕಾಯಿಸಿ ಅಂಟಿಸುವ ಭಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ನಮ್ಮ ಯುಪಿಎಸ್ ಕೂಗಿಕೊಂಡು ಟ್ರಿಪ್ ಆಯಿತು, ಕಂಪ್ಯೂಟರ್ ಕೂಡ ಆಫ್.

ಸರಸ್ವತಿಪುರಂ:
ಆರನೇ ಕ್ಲಾಸ್ ಹುಡುಗನ ಪ್ರಾಜೆಕ್ಟ್ ಕಪ್ಪು-ಬಿಳುಪಿನಲ್ಲಿ ಕೊಟ್ಟರೆ ಸ್ಕೂಲಿನಲ್ಲಿ ತಗೊಳ್ಳುತ್ತಾರಾ ಸರ್?

ಚಾಮರಾಜಪುರಂ:
ಕಲರ್‌ಗೆ ಜೆರಾಕ್ಸ್ ಅಂಗಡಿ ಇದೆಯಲ್ವಾ. ನಾನಂತೂ ಪ್ರಿಂಟರ್ ಮಾರಿ ನೆಮ್ಮದಿಯಾಗಿದ್ದೇನೆ. ನಮ್ಮ ಬೀದಿಯಲ್ಲಿ ಕಪ್ಪು ಪುಟಕ್ಕೆ ಎರಡು ರೂಪಾಯಿ, ಪೆನ್‌ಡ್ರೈವ್ ಸಾಕು. ಕಾರ್ಟ್ರಿಜ್ ದುಡ್ಡಿನಲ್ಲಿ ಎಷ್ಟು ಪುಟ ಬರುತ್ತದೆ ಲೆಕ್ಕ ಹಾಕಿ.

ಮಂಡ್ಯ, ಅಶೋಕನಗರ:
ರಾತ್ರಿ ಒಂಬತ್ತೂವರೆಗೆ ಕ್ಲಾಸ್ ಗ್ರೂಪಿನಲ್ಲಿ ಮೆಸೇಜ್ ಬರುತ್ತದೆ, 'ನಾಳೆ ಹೊಯ್ಸಳ ದೇವಾಲಯಗಳ ಚಿತ್ರ ತನ್ನಿ, ಕಲರ್ ಇರಲಿ' ಎಂದು. ಆಗ ಯಾವ ಅಂಗಡಿ ತೆರೆದಿರುತ್ತದೆ? ನಮ್ಮಂಥವರು ಪ್ರಿಂಟರ್ ಕೊಂಡಿದ್ದೇ ಈ ಸ್ಕೂಲಿನವರ ಕಾಟಕ್ಕೆ. ಇಡೀ ಪುಟ ತುಂಬುವ ಬೇಲೂರಿನ ಫೋಟೋಗೆ ಹೋಗುವ ಇಂಕಿನಲ್ಲಿ ಎಷ್ಟೋ ಪುಟ ಅಕ್ಷರ ಬರುತ್ತಿತ್ತು.

ಶ್ರೀರಂಗಪಟ್ಟಣ, ಶಿಕ್ಷಕಿ:
ಎಲ್ಲ ಟೀಚರುಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ನಾನು ಪ್ರತಿ ಸಲ ಕೈಯಲ್ಲೇ ಚಿತ್ರ ಬರೆದು ತರಲು ಹೇಳುತ್ತೇನೆ. ಪ್ರಿಂಟ್ ತೆಗೆದು ಅಂಟಿಸಿ ಕಳಿಸುವವರು ತಂದೆ ತಾಯಂದಿರೇ, ಪಕ್ಕದ ಮನೆ ಮಗುವಿಗಿಂತ ಚೆನ್ನಾಗಿ ಕಾಣಬೇಕಲ್ಲ.

ಮಂಡ್ಯ, ಅಶೋಕನಗರ:
ಕೈಯಲ್ಲಿ ಬರೆದುಕೊಂಡು ಹೋದ ನನ್ನ ಮಗಳಿಗೆ ಹತ್ತಕ್ಕೆ ಆರು, ಪ್ರಿಂಟ್ ಅಂಟಿಸಿದವರಿಗೆ ಒಂಬತ್ತು ಕೊಟ್ಟರು. ಇದಕ್ಕೆ ಉತ್ತರ ಹೇಳಿ ಮೇಡಂ.

ಶ್ರೀರಂಗಪಟ್ಟಣ, ಶಿಕ್ಷಕಿ:
ಹಾಗೆ ಕೊಟ್ಟಿದ್ದು ತಪ್ಪು. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಎದ್ದು ನಿಂತು ಕೇಳಿ, ನೀವೊಬ್ಬರೇ ಅಲ್ಲ, ನಾಲ್ಕು ಜನ ಸೇರಿ ಕೇಳಿ.