ಹಲಸಿನ ಬುಡಕ್ಕೆ ಡ್ರಿಲ್ ಹಾಕಿದ್ದಾರೆ, ಕಾನೂನು ಬರುತ್ತದೆಯೇ?

ಪ್ರಶ್ನೆ – ಮುಂಬೈಯ ಮುಲುಂಡ್ ಪೂರ್ವದಿಂದ

ನಮ್ಮ ವಸತಿ ಸೊಸೈಟಿಯ ಹಿಂದಿನ ಕಾಂಪೌಂಡಿಗೆ ತಾಗಿ ಒಂದು ಹಲಸಿನ ಮರ ಇದೆ. 1971ರಲ್ಲಿ ಇಲ್ಲಿಗೆ ಬಂದ ವರ್ಷ ನನ್ನ ಮಾವ ಊರಿಂದ, ಕಾರ್ಕಳದಿಂದ ತಂದ ಹಣ್ಣಿನ ಬೀಜ ಹಾಕಿದ್ದು. ಗುಜ್ಜೆ (ಎಳೆ ಹಲಸು) ಬಿಟ್ಟಾಗ ಮೂರೂ ಮಹಡಿಗೆ ಹಂಚುತ್ತೇವೆ. ಮೇಲಿನ ಮನೆಯ ಮರಾಠಿ ಕಾಕು (ಚಿಕ್ಕಮ್ಮ) ಅದರದ್ದೇ ಭಾಜಿ, ಅಂದರೆ ಪಲ್ಯ, ಮಾಡಿ ನಮ್ಮ ಡಬ್ಬಿ ತುಂಬಿಸಿಯೇ ವಾಪಸ್ ಕೊಡುವುದು.

ಈಗ ರೀಡೆವಲಪ್‌ಮೆಂಟ್, ಅಂದರೆ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ನಡೆದಿದೆ. ಹೊಸ ನಕ್ಷೆಯಲ್ಲಿ ಮರ ಇರುವಲ್ಲಿ ಪಾರ್ಕಿಂಗ್. ಹೋದ ಮಂಗಳವಾರ ಬೆಳಗ್ಗೆ ಕಸ ಹಾಕಲು ಹೋದಾಗ ಬುಡದಲ್ಲಿ ಹಳದಿ ಹೊಟ್ಟು ಬಿದ್ದಿತ್ತು. ಬಗ್ಗಿ ನೋಡಿದರೆ ಕಿರುಬೆರಳು ಹೋಗುವಷ್ಟು ನಾಲ್ಕು ತೂತು, ಎಲ್ಲವೂ ಕೆಳಮುಖವಾಗಿ ಕೊರೆದದ್ದು. ಬಿಳಿ ಮೇಣ ಇಳಿದು ಅದರಲ್ಲಿ ಇರುವೆ ಅಂಟಿ ಸತ್ತಿದ್ದವು. ಏನೋ ಘಾಟು ವಾಸನೆ. ಯಾರು ಮಾಡಿದ್ದೆಂದು ನಾನು ಕಂಡಿಲ್ಲ. ಕಮಿಟಿಯಲ್ಲಿ ಕೇಳಿದರೆ, "ಮರ ಸೊಸೈಟಿಯದ್ದು, ಯಾರೂ ಕಡಿದಿಲ್ಲವಲ್ಲ" ಅನ್ನುತ್ತಾರೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ದೂರು ಕೊಟ್ಟರೆ ಕಾನೂನಿನ ಮುಂದೆ ನಿಲ್ಲುತ್ತದೆಯೇ?

ಉತ್ತರ – ಡೊಂಬಿವಲಿಯಿಂದ

ಖಂಡಿತ ನಿಲ್ಲುತ್ತದೆ ಅಕ್ಕಾ. ಮಹಾರಾಷ್ಟ್ರದ ನಗರಗಳಿಗೆ 1975ರ ಮರ ಸಂರಕ್ಷಣಾ ಕಾಯ್ದೆ ಇದೆ. ಖಾಸಗಿ ಜಾಗದ ಮರವೂ ಅದರೊಳಗೇ ಬರುತ್ತದೆ. ಅದರ ಪ್ರಕಾರ ಕಡಿಯುವುದೆಂದರೆ ಕೊಡಲಿ ಹಾಕುವುದಷ್ಟೇ ಅಲ್ಲ, ಸುಡುವುದು, ಯಾವುದೇ ರೀತಿ ಹಾನಿ ಮಾಡುವುದು ಎಲ್ಲವೂ ಸೇರಿತು. ನಿಮ್ಮ ಕಮಿಟಿಯವರಿಗೆ ಈ ಒಂದು ಸಾಲು ಓದಿ ಹೇಳಿ.

2021ರ ತಿದ್ದುಪಡಿಯಲ್ಲಿ 50 ವರ್ಷ ದಾಟಿದ್ದನ್ನು ಪಾರಂಪರಿಕ ಮರ ಎಂದಿದ್ದಾರೆ. ಅನುಮತಿ ಪಡೆದು ಕಡಿದರೂ ಮರದ ವಯಸ್ಸೆಷ್ಟೋ ಅಷ್ಟು ಸಸಿ ನೆಡಬೇಕು. ಕಡಿಯಲು ಅರ್ಜಿ ಹಾಕಿದರೆ ಮರಕ್ಕೇ ನೋಟಿಸ್ ಅಂಟಿಸಬೇಕು, ಆಗ ನೀವು ಆಕ್ಷೇಪಣೆ ಬರೆದುಕೊಡಬಹುದು. ಇಷ್ಟೆಲ್ಲ ತಪ್ಪಿಸಿಕೊಳ್ಳಲು, ತೂತಿಗೆ ವಿಷ ಸುರಿದು ಮರ ತಾನಾಗಿ ಒಣಗಿತು ಅನ್ನಿಸುವ ಉಪಾಯ ಇದು. ನಮ್ಮ ಕಡೆಯೂ ಒಂದು ಮಳೆಮರ ಹೀಗೇ ಹೋಯಿತು, ನಾವು ತಡ ಮಾಡಿದೆವು. ಪಾಲಿಕೆಯ ವಾರ್ಡ್ ಆಫೀಸಿನ ಉದ್ಯಾನ ವಿಭಾಗಕ್ಕೆ ಇವತ್ತೇ ಲಿಖಿತ ದೂರು ಕೊಡಿ, ಇನ್‌ವರ್ಡ್ ನಂಬರ್ (ದೂರು ತೆಗೆದುಕೊಂಡದ್ದಕ್ಕೆ ದಾಖಲೆ) ಹಾಕಿಸಿಕೊಳ್ಳದೆ ಬರಬೇಡಿ. ಮರದ ವಯಸ್ಸಿಗೆ ಸಾಕ್ಷಿಯಾಗಿ ಹಳೇ ಫೋಟೋ ಹುಡುಕಿ.

ಉತ್ತರ – ಠಾಣೆ ನಗರದಿಂದ, ನರ್ಸರಿ ಇಟ್ಟವನು

ತೂತಿಗೆ ಸಿಮೆಂಟು, ಎಂ-ಸೀಲ್ ಅಂಟು ಏನೂ ತುಂಬಬೇಡಿ, ಸಾಕ್ಷಿ ಮುಚ್ಚಿಹೋಗುತ್ತದೆ. ಪಕ್ಕದಲ್ಲಿ ಸ್ಕೇಲ್ ಹಿಡಿದು ಫೋಟೋ ತೆಗೆಯಿರಿ. ಬುಡದ ಸುತ್ತ ಪೇವರ್ (ನೆಲಕ್ಕೆ ಹಾಸಿದ ಸಿಮೆಂಟ್ ಇಟ್ಟಿಗೆ) ಇದ್ದರೆ ಒಂದು ಮೀಟರ್ ಕೀಳಿಸಿ, ಬೇರಿಗೆ ನೀರು, ಗಾಳಿ ಸಿಗಲಿ. ತೂತು ಬಿದ್ದ ಬದಿಯ ಕೊಂಬೆಯ ಎಲೆಗಳ ಮೇಲೆ ದಿನಾ ಕಣ್ಣಿಡಿ.

ಉತ್ತರ – ಚೆಂಬೂರಿನಿಂದ

ಮಳೆಗಾಲದಲ್ಲಿ ಕೊಂಬೆ ಬೀಳುವ ಭಯ ಕೆಲವರಿಗೆ ನಿಜವಾಗಿಯೂ ಇರುತ್ತದೆ, ಅವರನ್ನೂ ವಿರೋಧಿಗಳೆಂದು ತಿಳಿಯಬೇಡಿ. ಪಾಲಿಕೆಯ ಅನುಮತಿ ಪಡೆದು ಕೊಂಬೆ ಸವರಿಸೋಣ ಎಂದು ನೀವೇ ಮುಂದಾಗಿ ಹೇಳಿ. ಅರ್ಧ ಸೊಸೈಟಿ ನಿಮ್ಮ ಕಡೆ ಬರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ದೂರು ಕೊಟ್ಟೆ, ಇನ್‌ವರ್ಡ್ ನಂಬರ್ ಸಿಕ್ಕಿದೆ. ಕಾಕು ಕೂಡ ಸಹಿ ಹಾಕಿದರು. ಅತ್ತೆ ಟ್ರಂಕಿನಿಂದ 1983ರ ಫೋಟೋ ತೆಗೆದುಕೊಟ್ಟರು. ನನ್ನ ಗಂಡನ ಉಪನಯನದ್ದು, ವಟುವಿನ ಹಿಂದೆ ಈ ಮರವೇ ನಿಂತಿದೆ, ಆಗಲೇ ಮೊದಲ ಮಹಡಿಯ ಕಿಟಕಿ ಮುಟ್ಟಿತ್ತು. ನಾಳೆ ಅದರ ಪ್ರತಿ ಕೊಟ್ಟು ಬರುತ್ತೇನೆ.